ಇಪ್ಪತ್ಮೂರು ಕಿಲೊ

ಮಂಡಿಪೇಟೆಯ ಮೆಕ್ಕೆಜೋಳದ ತಕ್ಕಡಿಯ ಮೇಲೆ
ನಿನ್ನ ನೀಲಿ ಸೂಟ್‌ಕೇಸು ನಿಂತಿದೆ, ತಬಸ್ಸುಮ್.
ಹಮಾಲ ಬಕ್ಕಪ್ಪ ಮುಳ್ಳು ನೋಡಿ ಅಂದ:
"ಇಪ್ಪತ್ತಾರೂವರೆ ಐತ್ರಿ ಮೇಡಮ್, ಕಲ್ಲು ತುಂಬೀರೇನು?"
ಮೂರೂವರೆ ಕಿಲೊ ಇಲ್ಲೇ ಬಿಡಬೇಕು ನೀನು.
ಯಾವುದನ್ನ ಅಂತ ನಾನು ಹೇಳಲಾರೆ.

ಕುಕ್ಕರಿನ ರಬ್ಬರು ಮಾತ್ರ ಬಿಡಬೇಡ.
ಲುಸಾಕಾದಲ್ಲಿ ಎಲ್ಲ ಸಿಗುತ್ತದೆ,
ನಿನ್ನ ಕುಕ್ಕರಿನ ಅಳತೆಯದು ಸಿಗುವುದಿಲ್ಲ.
ಮೂರು ತಿಂಗಳು, ಬೇಳೆ ಬೇಯಲಿ ಅಂತ
ತಪ್ಪಲೆಯ ಮುಂದೆ ಕಾದವಳು ನಾನು,
ಒಂಬತ್ತನೇ ತರಗತಿಯ ಉತ್ತರಪತ್ರಿಕೆ ಮಡಿಲಲ್ಲಿಟ್ಟುಕೊಂಡು.

ನಿನ್ನೆ ಕೋರ್ಟಿನ ಮುಂದೆ ಕರಾರು ಜೆರಾಕ್ಸ್ ಮಾಡಿಸಿದೆಯಲ್ಲ,
ಹನ್ನೊಂದನೇ ಕಲಮು ಓದಿದೆಯ?
ವಸತಿ ಕೊಡಲಾಗುವುದು ಅಂತಿದೆ.
ನೀರು, ಕರೆಂಟು, ಗೇಟು ಕಾಯುವವನ ಸಂಬಳ
ಯಾರ ತಲೆಗೆ ಅಂತ ಇಲ್ಲ.
ಕೇಳು. ಬರೆದು ಕೇಳು. ನಾವು ಇಲ್ಲಿ
ಬಾಯಿಮಾತಿಗೆ ತಲೆ ಆಡಿಸಿ ಬದುಕಿದವರು;
ನಾವು ಆಡಿಸಿದ್ದು ಹೌದೋ ಅಲ್ಲವೋ
ಅಲ್ಲಿ ಯಾರಿಗೂ ತಿಳಿಯುವುದಿಲ್ಲ.
ಸಂಬಳ ಡಾಲರಿನಲ್ಲೋ ಕ್ವಾಚಾದಲ್ಲೋ, ಅದನ್ನೂ ಕೇಳು.
ಕ್ವಾಚಾ ಅಂದರೆ ಬೇಸಿಗೆಯ ಕುಂದುವಾಡ ಕೆರೆ,
ನೋಡನೋಡುತ್ತ ಇಳಿಯುತ್ತದೆ.

ಆಯಿಷಾಗೆ ಫೀಜಿಲ್ಲ, ತಮ್ಮನಿಗೆ ಅರ್ಧ.
ಇಮ್ತಿಯಾಜ್‌ಗೆ ಸಿಗುವುದು ಅವಲಂಬಿತರ ವೀಸಾ,
ದುಡಿಯುವಂತಿಲ್ಲ.
ಇಲ್ಲಿ ದಿನಕ್ಕೆ ಐದು ಬೋರ್‌ವೆಲ್ ಮೋಟಾರಿಗೆ
ತಾಮ್ರದ ತಂತಿ ಸುತ್ತುವ ಕೈ
ಅಲ್ಲಿ ಮಧ್ಯಾಹ್ನ ಮೂರಕ್ಕೆ ಶಾಲೆಯ ಗೇಟಿನಲ್ಲಿ
ಎರಡು ನೀರಿನ ಬಾಟಲಿ ಹಿಡಿದು ನಿಂತಿರುತ್ತದೆ.
ವಿಮಾನ ಹತ್ತುವ ಮೊದಲೇ ಮಾತಾಡಿಕೊಳ್ಳಿ.
ನಾವು ಮಾತಾಡಿಕೊಳ್ಳಲಿಲ್ಲ.

ಹದಿನೆಂಟು ಮಕ್ಕಳು, ಹನ್ನೊಂದು ಬಣ್ಣದ ಪಾಸ್‌ಪೋರ್ಟು.
ಮೊದಲ ದಿನ ಯಾರನ್ನೂ
ನಿಮ್ಮೂರು ಯಾವುದು ಅಂತ ಕೇಳಬೇಡ.
ನಾನು ಕೇಳಿದ್ದೆ. ಒಬ್ಬ ಹುಡುಗ
ಪೆನ್ಸಿಲ್ಲಿನ ತುದಿ ಕಚ್ಚಿ ಬಹಳ ಹೊತ್ತು ಯೋಚಿಸಿ
"ಈಗಿನದಾ ಮಿಸ್?" ಅಂದ.
ಜೂನಿಗೆ ಅರ್ಧ ಕುರ್ಚಿ ಖಾಲಿ.
ಅಪ್ಪನ ಗಣಿ ಮುಗಿಯಿತು, ಅಮ್ಮನ ಕಚೇರಿ ಬದಲಾಯಿತು;
ವಿದಾಯದ ಕಾರ್ಡಿಗೆ ಸಹಿ ಮಾಡಿ ಮಾಡಿ
ನನ್ನ ಸಹಿಯೇ ಚಿಕ್ಕದಾಯಿತು.

ನಿನ್ನ ಹೆಸರನ್ನ ಮಿಸ್ ಟ್ಯಾಬ್ ಮಾಡುತ್ತಾರೆ.
ಒಂದು ವಾರ ತಿದ್ದು.
ಆಮೇಲೂ ತಿದ್ದು.

ಇನ್ನೊಂದು.
ಈ ತಕ್ಕಡಿಯಲ್ಲಿ ತೂಗಿದ ಜೋಳ, ಗೊತ್ತಲ್ಲ, ಕೋಳಿಗೆ ಹೋಗುತ್ತದೆ.
ಅಲ್ಲಿ ಅದರ ಬಿಳಿಯ ಅಣ್ಣತಮ್ಮಂದಿರನ್ನ ಬೀಸಿ
ಮುದ್ದೆ ಕಟ್ಟುತ್ತಾರೆ, ನ್ಶಿಮ ಅಂತ.
ಮೊದಲ ವಾರ, ಕರೆಂಟಿಲ್ಲದ ಒಂದು ಸಂಜೆ
ಲ್ಯಾಬಿನ ಮಿಸ್ಟರ್ ಬಂಡಾ ತನ್ನ ಬುತ್ತಿ ಬಿಚ್ಚಿ ಮುಂದಿಟ್ಟ.
ಹೊಳಲ್ಕೆರೆಯ ಈ ಬೆರಳು ತಾನಾಗಿ ಮುರಿದು, ಉರುಟಿ,
ಸೊಪ್ಪಿಗದ್ದಿತು.
"ಯಾರು ಕಲಿಸಿದರು ನಿಮಗೆ?" ಅಂತ ನಕ್ಕ.
ಆರು ವರ್ಷದಲ್ಲಿ ಆವತ್ತೊಂದೇ ದಿನ
ನಾನೇನೂ ವಿವರಿಸಬೇಕಾಗಲಿಲ್ಲ.

ಸೂಟ್‌ಕೇಸಿನ ತಳದಲ್ಲಿರುವುದೇನದು, ಬಟ್ಟೆ ಸುತ್ತಿ?
ಪಡ್ಡಿನ ಹಂಚಾ? ತೆಗಿ, ತೆಗಿ.
ನನ್ನದು ಅಲ್ಲೇ ಇದೆ.
ಎರಡನೇ ಮಹಡಿ, ಸಿಂಕಿನ ಕೆಳಗಿನ ಕಪಾಟು,
ಹೋಗುವವರು ಬರುವವರಿಗೆ ಬಿಡುವ ಜಾಗ.
ಯಾವುದೋ ಮಲಯಾಳಿ ಟೀಚರಿನ ಪುಟ್ಟು ಕೊಳವೆ,
ಹಿಡಿಯಿಲ್ಲದ ಯಾರದೋ ಬಾಣಲೆ,
ಅವುಗಳ ಹಿಂದೆ ಬೀಡಿನ ಹಂಚು, ಏಳು ಗುಳಿ,
ಒಂದರ ಅಂಚು ಮುಕ್ಕು.
ತುಕ್ಕು ಹಿಡಿದಿರುತ್ತದೆ. ಎಣ್ಣೆ ಸವರಿ
ಈರುಳ್ಳಿಯಲ್ಲಿ ಉಜ್ಜಿ ಪಳಗಿಸು.
ಇರದಿದ್ದರೆ ನನಗೆ ಬರೆಯಬೇಡ.

ಇಪ್ಪತ್ನಾಲ್ಕು, ಅಂದ ಬಕ್ಕಪ್ಪ.
ಇನ್ನೂ ಒಂದು ಕಿಲೊ.
ಅವನು ಬೀಡಿ ಹಚ್ಚಿ ಮೂಟೆಗೊರಗಿ ನಿಂತ,
ನೀನು ಜಿಪ್ಪೆಳೆದು ಮತ್ತೆ ಒಳಗೆ ಕೈಹಾಕಿದೆ.